ಒಣ ಕೆನ್ನೆ

ನಾನು ಆ ಊರಿನ ವಾಚನಾಲಯದಲ್ಲಿ ಕೆಲಸಕ್ಕೆ ಸೇರಿದಾಗ ಊರ ಕಮಿಟಿಯವರು ಹಾಕಿದ ಷರತ್ತು ಒಂದೇ. ವಾರಕ್ಕೊಮ್ಮೆ ಜನರನ್ನು ಕೂರಿಸಿಕೊಂಡು ಏನಾದರೂ ತಿಳಿವಳಿಕೆಯ ಮಾತು ಹೇಳಬೇಕು, ಆದರೆ ಅದರಿಂದ ಯಾರೊಬ್ಬರ ಮನಸ್ಸಿಗೂ ನೋವಾಗಬಾರದು. ಬೇಸಾಯದ ಬಗ್ಗೆ ಹೇಳುತ್ತೇನೆ ಎಂದೆ. ಗೊಬ್ಬರದಂಗಡಿಯವನಿಗೆ ಬೇಸರವಾದೀತು ಎಂದರು. ಇತಿಹಾಸ ಎಂದೆ. ಯಾವ ರಾಜನನ್ನು ಹೊಗಳಿದರೂ ಸೋತ ರಾಜನ ಕಡೆಯವರು ಊರಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಎಂದರು. ಪುರಾಣ ಎಂದೆ. ಅಷ್ಟೂ ಜನ ಒಟ್ಟಿಗೆ ಕೈಮುಗಿದು ಬೇಡ ಎಂದರು. ಆಗ ನನಗೆ ಹಾಸ್ಟೆಲ್ಲಿನ ಲೈಬ್ರರಿ ನೆನಪಾಯಿತು. ಅಲ್ಲಿದ್ದದ್ದು ಒಂದೇ ಕಪಾಟು, ಅದರ ತುಂಬ ದಾನಕ್ಕೆ ಬಂದ ಪುಸ್ತಕಗಳು. ದಾನ ಕೊಡುವವರು ತಮಗೆ ಬೇಡವಾದದ್ದನ್ನೇ ಕೊಡುತ್ತಾರೆ. ಹಾಗಾಗಿ ಉತ್ತರದ ಹಿಮದ ನಾಡಿನವರು ಎಂದೋ ಪೂಜಿಸಿ ಬಿಟ್ಟುಬಿಟ್ಟ ದೇವರುಗಳ ಕಥೆ ನನ್ನ ಪಾಲಿಗೆ ಬಂದಿತ್ತು. ರಜೆಯಲ್ಲಿ ಉಳಿದವರೆಲ್ಲ ತಂತಮ್ಮ ಮನೆಗೆ ಹೋದಾಗ, ಹೋಗಲು ಮನೆಯಿಲ್ಲದ ನಾನು ಅದನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಆ ದೇವರುಗಳಿಗೆ ಈ ಊರಲ್ಲಿ ಮಠವಿಲ್ಲ, ಜಾತಿಯಿಲ್ಲ, ಪೂಜಾರಿಯಿಲ್ಲ, ನೆಂಟರಿಲ್ಲ. ಅವರನ್ನು ಬೈದರೆ ನೊಂದುಕೊಳ್ಳುವವರು ಯಾರೂ ಇಲ್ಲ. ಕಮಿಟಿಯವರಿಗೆ ನೆಮ್ಮದಿಯಾಯಿತು. ವಾಚನಾಲಯದ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ‘ನಾರ್ಸ್ ಪುರಾಣ: ಹೊಸಬರಿಗೆ ಪರಿಚಯ’ ಎಂದು ಸೀಮೆಸುಣ್ಣದಲ್ಲಿ ಬರೆದೆ.

ಊರು ಇಷ್ಟು ಹುಷಾರಾಗಿರಲು ಕಾರಣವಿತ್ತು. ಅಲ್ಲಿ ಯಾರಾದರೂ ಸತ್ತರೆ, ಹೊತ್ತು ಮುಳುಗುವುದರೊಳಗೆ ಊರಿನವರೆಲ್ಲರೂ ಅತ್ತರೆ, ಸತ್ತವರು ಎದ್ದು ಕೂರುತ್ತಾರೆ. ಎಲ್ಲರೂ ಎಂದರೆ ಎಲ್ಲರೂ. ಊರಲ್ಲಿ ಮಲಗಿ ಎದ್ದು ಊಟ ಮಾಡುವ ಪ್ರತಿಯೊಬ್ಬರೂ. ಕೂಸುಗಳು ಹೇಗೂ ಅಳುತ್ತವೆ. ಉಳ್ಳಾಗಡ್ಡಿ, ಹೊಗೆ, ಖಾರದಪುಡಿ ನಡೆಯುವುದಿಲ್ಲ. ಅದನ್ನೆಲ್ಲ ಹಿಂದಿನವರೇ ಮಾಡಿ ನೋಡಿ ಕೈಬಿಟ್ಟಿದ್ದರು. ಓಣಿಗೊಬ್ಬರಂತೆ ಕೆನ್ನೆ ಮುಟ್ಟುವವರಿದ್ದರು. ಅವರು ಮನೆಮನೆಗೆ ಬಂದು ಬೆರಳಿನ ಹಿಂಬದಿಯಿಂದ ಕೆನ್ನೆ ಮುಟ್ಟಿ ನೋಡುತ್ತಿದ್ದರು. ಒದ್ದೆಯಾಗಿದ್ದರೆ ಮುಂದಿನ ಮನೆ. ಒಣಗಿದ್ದರೆ ‘ಒಣ’ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಆ ಮಾತು ಹೊರಬಿತ್ತೆಂದರೆ ಮುಗಿಯಿತು, ಎಲ್ಲರೂ ಕಣ್ಣೊರೆಸಿಕೊಂಡು ಹೆಣ ಎತ್ತುವ ಏರ್ಪಾಡು ನೋಡುತ್ತಿದ್ದರು.

ಒಬ್ಬನೇ ಒಬ್ಬ ಶತ್ರು ಇದ್ದರೂ ಸತ್ತವ ಸತ್ತಂತೆಯೇ. ಆದ್ದರಿಂದ ಅಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಹಾಲು ನೀರಾಗಿದ್ದರೆ ಹಗುರಾಗಿದೆ, ಜೀರ್ಣಕ್ಕೆ ಒಳ್ಳೆಯದು ಎನ್ನುತ್ತಿದ್ದರು. ಕ್ಷೌರದವನ ಕತ್ತರಿ ಕಿವಿಗೆ ತಾಗಿ ರಕ್ತ ಬಂದರೆ ಕನ್ನಡಿ ನೋಡಿಕೊಂಡು ಕಟಿಂಗ್ ಚೆನ್ನಾಗಿ ಬಂದಿದೆ ಎನ್ನುತ್ತಿದ್ದರು. ಗಂಡಹೆಂಡಿರು ಜಗಳವಾಡಬೇಕೆಂದರೆ ಹಳ್ಳ ದಾಟಿ ಪಕ್ಕದ ಊರಿನ ಗೋಮಾಳಕ್ಕೆ ಹೋಗಿ, ಮುಗಿಸಿ, ಹಳ್ಳದಲ್ಲಿ ಮುಖ ತೊಳೆದುಕೊಂಡು ಬರುತ್ತಿದ್ದರು. ಇಷ್ಟೆಲ್ಲ ಮಾಡಿಯೂ ಯಾರೂ ಎದ್ದು ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಒಂದು ಓಣಿಯಿಂದ ‘ಒಣ’ ಎಂಬ ಕೂಗು ಬಂದೇ ಬರುತ್ತಿತ್ತು. ಯಾರ ಕೆನ್ನೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಮರುದಿನ ಆ ಮನೆಗೆ ಒಂದು ತಟ್ಟೆ ಹೋಳಿಗೆ ಹೆಚ್ಚಿಗೆ ಹೋಗುತ್ತಿತ್ತು.

ನನಗೂ ಹೋಳಿಗೆ ಬರುತ್ತಿತ್ತು. ಒಂದು ಸಾವಿನ ಮನೆಯಲ್ಲಿ ನನ್ನನ್ನು ನೋಡಿದವರಿಂದ, ನಾನು ಅಳುವುದಿಲ್ಲ ಎಂಬ ಸುದ್ದಿ ನಾನು ಬಂದ ಕೆಲವೇ ದಿನಗಳಲ್ಲಿ ಹಬ್ಬಿತ್ತು. ನಾನೇನು ಕಲ್ಲಲ್ಲ. ಹಾಸ್ಟೆಲ್ಲಿನಲ್ಲಿ ಅತ್ತವನನ್ನು ದೊಡ್ಡ ಹುಡುಗರು ಮಂಚದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಅಳು ಎನ್ನುತ್ತಿದ್ದರು. ನನಗೆ ಅಭ್ಯಾಸ ತಪ್ಪಿತು, ಅಷ್ಟೇ. ಊರಿನವರಿಗೆ ಇದು ದೊಡ್ಡ ಚಿಂತೆಯಾಯಿತು. ನನ್ನ ಕೋಣೆಗೆ ಕರಿಗಡಬು ಬಂತು, ಶೇಂಗಾ ಉಂಡೆ ಬಂತು, ಯಾರದೋ ಮಗನ ಹಳೆಯ ಸ್ವೆಟರ್ ಬಂತು. ತಂದವರು ಬಾಗಿಲಲ್ಲಿ ನಿಂತು, ನಮ್ಮನ್ನು ನೆನಪಿಟ್ಟುಕೊಳ್ಳಿ ಎಂದು ನಗುತ್ತಿದ್ದರು. ಒಳಗೆ ಬಂದು ಕೂರುತ್ತಿರಲಿಲ್ಲ. ಕೂತರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಎಲ್ಲಿ ಏನು ತಪ್ಪುತ್ತದೋ ಎಂಬ ಭಯ. ನಾನು ಜೀವಮಾನದಲ್ಲಿ ಅಷ್ಟು ಸಿಹಿ ತಿಂದದ್ದಿಲ್ಲ, ಅಷ್ಟು ಒಂಟಿಯಾಗಿದ್ದದ್ದೂ ಇಲ್ಲ. ಸಂಜೆ ವಾಚನಾಲಯದ ಬೀಗ ಹಾಕಿ ಕೋಣೆಗೆ ಬಂದರೆ ಮರುದಿನ ಬೆಳಗಿನವರೆಗೆ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ.

ಭಾಷಣಕ್ಕೆ ಮಾತ್ರ ಜನ ಬರುತ್ತಿದ್ದರು. ಬರದಿದ್ದರೆ ನನಗೆ ನೋವಾದೀತು ಎಂದು ಬರುತ್ತಿದ್ದರು. ಮೊದಲ ವಾರ ಯಿಮಿರ್ ಎಂಬ ದೈತ್ಯನನ್ನು ಕೊಂದು ಅವನ ಮಾಂಸದಿಂದ ನೆಲ, ಮೂಳೆಯಿಂದ ಬೆಟ್ಟ, ರಕ್ತದಿಂದ ಕಡಲು, ತಲೆಬುರುಡೆಯಿಂದ ಆಕಾಶ ಮಾಡಿದ್ದನ್ನು ಹೇಳಿದೆ. ಎಲ್ಲರೂ ಬಹಳ ಚೆನ್ನಾಗಿದೆ ಎಂದರು. ಮುಂದಿನ ವಾರ ಒಂಬತ್ತು ಲೋಕಗಳನ್ನು ಹೊತ್ತು ನಿಂತ ಮಹಾವೃಕ್ಷದ ಬಗ್ಗೆ ಹೇಳಿದೆ. ಅದರ ತುದಿಯಲ್ಲೊಂದು ಹದ್ದು, ಬುಡದಲ್ಲೊಂದು ಘಟಸರ್ಪ, ಎರಡರ ನಡುವೆ ಒಂದು ಅಳಿಲು. ಅಳಿಲಿನ ಕೆಲಸವೆಂದರೆ ಹದ್ದು ಬೈದದ್ದನ್ನು ಹಾವಿಗೆ, ಹಾವು ಬೈದದ್ದನ್ನು ಹದ್ದಿಗೆ ಮುಟ್ಟಿಸುವುದು. ಇದನ್ನು ಕೇಳಿ ಜನರ ಕಣ್ಣು ಮಿನುಗಿದ್ದನ್ನು ನಾನು ನೋಡಿದೆ. ಏನೆಂದು ಬೈಯುತ್ತಿದ್ದವು, ಒಂದೆರಡು ಉದಾಹರಣೆ ಇದ್ದರೆ ಹೇಳಬಹುದೇ ಎಂದು ನಮ್ಮ ಓಣಿಯ ಕೆನ್ನೆ ಮುಟ್ಟುವ ಅಡಿವೆಪ್ಪ ಮಾಸ್ತರು ವಿನಯದಿಂದ ಕೇಳಿದರು. ಪುಸ್ತಕದಲ್ಲಿ ಕೊಟ್ಟಿಲ್ಲ ಎಂದೆ. ಇಡೀ ಸಭೆಗೆ ನಿರಾಸೆಯಾಯಿತು. ಮಾಸ್ತರು ಶಾಲೆಯಿಂದ ನಿವೃತ್ತರಾದವರು. ಎಲ್ಲರ ಮನೆಯ ಮದುವೆಗೂ ಮೊದಲು ಹೋಗಿ ಕೊನೆಗೆ ಬರುವಂಥವರು. ಅವರ ಬಗ್ಗೆ ಒಂದು ಕೆಟ್ಟ ಮಾತನ್ನೂ ನಾನು ಕೇಳಿರಲಿಲ್ಲ, ಆದರೆ ಅಲ್ಲಿ ಯಾರ ಬಗ್ಗೆಯೂ ಕೇಳಿರಲಿಲ್ಲ.

ಆ ಸಭೆಯಲ್ಲಿ ಗುಂಡಿಗೆ ಕಾಜ ಹೊಲಿಯುತ್ತ ಕೂತಿರುತ್ತಿದ್ದ ಕಾಶವ್ವ ಮಾತ್ರ ಬೇರೆ ರೀತಿ. ಓಡಿನ್ ಎಂಬ ಹಿರಿಯ ದೇವರು ಜ್ಞಾನದ ಬಾವಿಯ ನೀರು ಕುಡಿಯಲು ತನ್ನ ಒಂದು ಕಣ್ಣನ್ನೇ ಕಿತ್ತುಕೊಟ್ಟ ಎಂದು ನಾನು ಗಂಭೀರವಾಗಿ ಹೇಳಿದ ದಿನ, ಅವಳು ಸೂಜಿಯಿಂದ ಕಣ್ಣೆತ್ತದೆ, ಬಾವಿ ಕಾಯೋನಿಗೆ ಆ ಕಣ್ಣು ತಗೊಂಡು ಏನ್ ಮಾಡೂದಿತ್ತು ಎಂದಳು. ಸಭೆ ಮುಗಿದ ಮೇಲೆ ಹತ್ತಿರ ಬಂದು, “ಭಾಷಣ ಉದ್ದ ಆತು ತಮ್ಮಾ. ಮತ್ತ ನಿನ್ನ ಅಂಗೀ ಕಾಲರ್ ಮಾಸೇದ, ನೋಡಾಕ ಹೇಸಿಗಿ ಬರ್ತದ,” ಎಂದಳು. ಆ ಊರಿಗೆ ಬಂದ ಮೇಲೆ ನನಗೆ ಯಾರಾದರೂ ಹೇಳಿದ ಮೊದಲ ನಿಜ ಅದು. ಅಂದು ನನಗೆ ಒಳ್ಳೆಯ ನಿದ್ದೆ ಬಂತು.

ಊರಿಗೆಲ್ಲ ಅವಳು ಗೊತ್ತು. ಈಗ ಬದುಕಿರುವವರ ನೆನಪಿನಲ್ಲಿ ಸತ್ತು ಎದ್ದು ಬಂದವಳು ಅವಳೊಬ್ಬಳೇ. ಹೊಸದಾಗಿ ಮದುವೆಯಾಗಿ ಬಂದಿದ್ದಾಗ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಹುಡುಗಿ ಬಂದು ಹೆಚ್ಚು ದಿನವಾಗಿರಲಿಲ್ಲ, ಯಾರ ಜೊತೆಗೂ ಮನಸ್ತಾಪಕ್ಕೆ ವೇಳೆಯೇ ಸಿಕ್ಕಿರಲಿಲ್ಲ. ಎಲ್ಲರೂ ಅತ್ತರು. ಎದ್ದು ಕೂತಳು. ಆಮೇಲೆ ಗಂಡ ಸತ್ತ, ಅವನಿಗೆ ಯಾರದೋ ಕೆನ್ನೆ ಒಣಗಿತ್ತು. ಕಾಶವ್ವ ಹೊಲಿಗೆ ಮಷೀನು ಇಟ್ಟುಕೊಂಡಳು. ಊರಿನ ಜಂಪರುಗಳೆಲ್ಲ ಅವಳ ಕೈಯಿಂದಲೇ ಆಗಬೇಕು. ಅವಳ ಮನೆಗೆ ಬಾಗಿಲು ಹಾಕುವ ಪದ್ಧತಿ ಇರಲಿಲ್ಲ. ಹಾಕಿದರೆ, ನಿನಗಾಗಿ ಅಂದು ನಾನೂ ಅತ್ತಿದ್ದೆನಲ್ಲ ಕಾಶಿ ಎಂದು ಯಾರಾದರೂ ಮೆಲ್ಲಗೆ ಹೇಳುತ್ತಿದ್ದರು. ಅತ್ತವರು ಸತ್ತ ಮೇಲೆ ಅವರ ಮಕ್ಕಳು, ನಮ್ಮವ್ವ ಅತ್ತಿದ್ದಳು ಎನ್ನುತ್ತಿದ್ದರು. ಅವಳು ಎಲ್ಲರಿಗೂ ಹೂಂ ಎನ್ನುತ್ತಿದ್ದಳು. ನನ್ನನ್ನು ಮಾತ್ರ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಯಾಕೆ ಎಂದು ಒಮ್ಮೆ ಕೇಳಿದಾಗ, ನನಗಾಗಿ ಅಳದವರ ಪೈಕಿ ನೀನೊಬ್ಬನೇ ಸಿಕ್ಕವನು, ನಿನಗೆ ನಾನೇನೂ ಕೊಡಬೇಕಿಲ್ಲ, ನಿನ್ನಪ್ಪಗೂ ಕೊಡಬೇಕಿಲ್ಲ ಎಂದಳು. ಭಾಷಣ ಮುಗಿದ ಮೇಲೆ ಅವಳ ಮನೆಗೆ ಹೋಗಿ ಚಹಾ ಕುಡಿಯುವುದು ರೂಢಿಯಾಯಿತು. ಅವಳ ಚಹಾ ಚೆನ್ನಾಗಿರುತ್ತಿರಲಿಲ್ಲ. ಹಾಗೆಂದು ಹೇಳಿದೆ. ಹೋಗಿ ಬೇರೆಲ್ಲಾದರೂ ಕುಡಿ ಎಂದಳು.

ಬಾಲ್ಡರನ ಕಥೆಯನ್ನು ಎಷ್ಟೋ ವಾರ ಮುಂದೂಡಿದೆ. ಥಾರ್ ತನ್ನ ಆಡುಗಳನ್ನು ರಾತ್ರಿ ತಿಂದು ಬೆಳಿಗ್ಗೆ ಬದುಕಿಸುವುದನ್ನು ಹೇಳಿದೆ, ಕಿತಾಪತಿಯ ಲೋಕಿಯನ್ನೂ ಅವನ ಮಕ್ಕಳಾದ ತೋಳ, ಹಾವು ಮತ್ತು ಪಾತಾಳದ ಒಡತಿ ಹೆಲ್‌ಳನ್ನೂ ಹೇಳಿದೆ. ಆದರೆ ಬಾಲ್ಡರ್ ಇಲ್ಲದೆ ಪರಿಚಯ ಮುಗಿಯುವುದಿಲ್ಲ. ಒಂದು ವಾರ ಹೇಳಿಯೇಬಿಟ್ಟೆ. ಬಾಲ್ಡರ್ ಎಲ್ಲರಿಗೂ ಪ್ರೀತಿಯ ದೇವರು. ಅವನಿಗೆ ಕೇಡಾಗಬಾರದೆಂದು ಅವನ ತಾಯಿ ಫ್ರಿಗ್ ಬೆಂಕಿ, ನೀರು, ಕಬ್ಬಿಣ, ಕಲ್ಲು, ವಿಷ, ರೋಗ ಎಲ್ಲದರಿಂದ ಆಣೆ ಮಾಡಿಸಿಕೊಂಡಳು. ಮರದ ಮೇಲಿನ ಒಂದು ಎಳೆಯ ಬಂದಳಿಕೆಯನ್ನು ಮಾತ್ರ, ಇದೇನು ಮಾಡೀತು ಎಂದು ಬಿಟ್ಟಳು. ಲೋಕಿ ಅದನ್ನೇ ಚೂಪು ಮಾಡಿ ಬಾಲ್ಡರನ ಕುರುಡ ತಮ್ಮ ಹೋಡನ ಕೈಗೆ ಕೊಟ್ಟು ಎಸೆಯಿಸಿದ. ಬಾಲ್ಡರ್ ಸತ್ತ. ಅವನನ್ನು ವಾಪಸು ಕೇಳಲು ಇನ್ನೊಬ್ಬ ತಮ್ಮ ಹೆರ್ಮೋಡ್ ಕುದುರೆಯೇರಿ ಪಾತಾಳಕ್ಕೆ ಹೋದ. ಹೆಲ್ ಹೇಳಿದಳು: ಲೋಕದಲ್ಲಿರುವುದೆಲ್ಲವೂ ಅವನಿಗಾಗಿ ಅತ್ತರೆ ಕಳಿಸುತ್ತೇನೆ.

ಇಲ್ಲಿಗೆ ಬರುವಾಗ ವಾಚನಾಲಯದಲ್ಲಿ ಕೆಮ್ಮು ಕೂಡ ನಿಂತಿತ್ತು. ಮುಂದುವರಿಸಿದೆ. ಮನುಷ್ಯರು, ಪ್ರಾಣಿಗಳು, ಮರಗಳು, ಕಲ್ಲುಗಳು, ಲೋಹಗಳು ಎಲ್ಲವೂ ಅತ್ತವು. ಕೊನೆಗೆ ಒಂದು ಗವಿಯಲ್ಲಿ ಥೋಕ್ ಎಂಬ ದೈತ್ಯ ಹೆಂಗಸು ಕೂತಿದ್ದಳು. ನನ್ನದು ಒಣ ಕಣ್ಣೀರು, ಹೆಲ್ ತನ್ನ ಬಳಿ ಇರುವುದನ್ನು ಇಟ್ಟುಕೊಳ್ಳಲಿ ಎಂದಳು. ಬಾಲ್ಡರ್ ಅಲ್ಲೇ ಉಳಿದ.

ಅಡಿವೆಪ್ಪ ಮಾಸ್ತರು ಎದ್ದು, ಅವಳು ಯಾರಿರಬಹುದು ಎಂದು ಕೇಳಿದರು. ಅವಳು ವೇಷ ಹಾಕಿದ ಲೋಕಿಯೇ ಇರಬೇಕೆಂದು ಪುಸ್ತಕಗಳು ಹೇಳುತ್ತವೆ ಎಂದೆ. ಸಭೆಗೆ ಸಮಾಧಾನವಾಯಿತು. ಹೊರಗಿನವನು ಮಾಡಿದ ಕೆಲಸ ಎಂದರೆ ಎಲ್ಲರಿಗೂ ಸಮಾಧಾನ. ಕಾಶವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

ಮನೆಗೆ ಹೋದ ಮೇಲೆ ಅವಳು ಒಲೆ ಹಚ್ಚದೆ ಕೂತಳು. ಪಾತಾಳಕ್ಕೆ ಹೋದ ತಮ್ಮ ಬಾಲ್ಡರನನ್ನು ಕಂಡನೇ ಎಂದು ಕೇಳಿದಳು. ಕಂಡ, ಒಂದು ರಾತ್ರಿ ಅವನ ಜೊತೆಗೇ ಇದ್ದ, ಬಾಲ್ಡರ್ ತನ್ನಪ್ಪನಿಗೆ ಕೊಡು ಎಂದು ಉಂಗುರವನ್ನೂ ಕಳಿಸಿದ ಎಂದೆ.

“ತಾನ ಬರಾಂವ ಉಂಗುರ ಯಾಕ ಇನ್ನೊಬ್ಬರ ಕೈಯಾಗ ಕಳಸ್ತಾನ?” ಎಂದಳು ಕಾಶವ್ವ.

ನಾನು ಆ ಕಥೆಯನ್ನು ಎಷ್ಟೋ ಸಲ ಓದಿದ್ದೆ. ಇದು ಹೊಳೆದಿರಲಿಲ್ಲ. ವಾಪಸ್ ಬರುತ್ತೀಯಾ ಎಂದು ಅವನನ್ನು ಯಾರಾದರೂ ಕೇಳಿದರೇ ಎಂದು ಅವಳು ಮತ್ತೆ ಕೇಳಿದಳು. ಇಲ್ಲ, ಯಾವ ಪುಸ್ತಕದಲ್ಲೂ ಯಾರೂ ಕೇಳಿಲ್ಲ ಎಂದೆ. ಅವಳು ತಲೆಯಾಡಿಸಿದಳು. ನನ್ನನ್ನೂ ಕೇಳಲಿಲ್ಲ ಎಂದಳು. ಅಲ್ಲಿ ಏನಿತ್ತು ಆಯಿ ಎಂದು ಕೇಳಿದೆ. ಊರಿನವರು ಯಾರೂ ಅದನ್ನು ಕೇಳಿರಲಿಲ್ಲವಂತೆ. ಕೇಳಿದರೆ ಅವಳಿಗೆ ನೋವಾದೀತು ಎಂದು. ಏನೂ ಇರಲಿಲ್ಲ, ಒಂದು ಕಟ್ಟೆ ಇತ್ತು, ನೆರಳಿತ್ತು, ಕೂತಿದ್ದೆ, ಯಾರೂ ಮಾತಾಡಿಸಲಿಲ್ಲ ಎಂದಳು. ಆಮೇಲೆ, ಯಾವುದೋ ಅಳತೆ ಹೇಳುವಂತೆ ನೇರವಾಗಿ ಹೇಳಿದಳು.

“ಈ ಸಲ ನನ್ನ ಕರಸಬ್ಯಾಡ ತಮ್ಮಾ. ಇವ್ರೆಲ್ಲಾ ಅಳ್ತಾರ. ಇವ್ರಿಗೆ ನಾ ಬೇಕು. ನೀ ಅಳಬ್ಯಾಡ.”

ಅದಕ್ಕೇನು ಆಯಿ, ನನಗೆ ಅಳುವೇ ಬರುವುದಿಲ್ಲವಲ್ಲ ಎಂದೆ. ಅದು ನನಗೆ ಯಾವ ಕಷ್ಟದ ಕೆಲಸವಾಗಿಯೂ ಕಾಣಲಿಲ್ಲ. ಅವಳು ನನ್ನ ಮುಖವನ್ನೇ ಕೊಂಚ ಹೊತ್ತು ನೋಡಿ, ಹಾಲು ಕೆಟ್ಟಿದೆ, ಇಂದು ಚಹಾ ಇಲ್ಲ, ಹೋಗು ಎಂದಳು.

ಹಬ್ಬ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಅವಳು ಮಷೀನಿನ ಮೇಲೆ ತಲೆಯಿಟ್ಟು ಸತ್ತಿದ್ದಳು. ಊರಿನವರಿಗೆ ದುಃಖವಾಯಿತು, ನಿಜವಾದ ದುಃಖವೇ. ಆದರೆ ಅದರ ಜೊತೆಗೆ ಒಂದು ಉಮೇದೂ ಇತ್ತು. ಒಮ್ಮೆ ಬಂದವಳು ಮತ್ತೆ ಬರುತ್ತಾಳೆ. ಅವಳ ಮೇಲೆ ಸಿಟ್ಟಿರುವವರು ಯಾರಿದ್ದಾರೆ? ಅವಳು ಯಾರಿಗೂ ಇಲ್ಲ ಎಂದವಳಲ್ಲ. ಕೆನ್ನೆ ಮುಟ್ಟುವವರು ಓಣಿ ಓಣಿ ಮುಗಿಸಿ ಬಂದರು. ಎಲ್ಲಿಂದಲೂ ‘ಒಣ’ ಎಂಬ ಮಾತು ಬರಲಿಲ್ಲ. ಮಧ್ಯಾಹ್ನ ದಾಟಿತು. ಅಂಥದ್ದು ನಾನು ಬಂದ ಮೇಲೆ ನಡೆದಿರಲಿಲ್ಲ. ಅಲ್ಲಿಯವರೆಗೆ ನನ್ನ ಸರದಿ ಬರುವ ಮೊದಲೇ ಬೇರೆ ಯಾರೋ ಕೆಲಸ ಮುಗಿಸಿರುತ್ತಿದ್ದರು.

ನಾನು ಅವಳ ಅಂಗಳದಲ್ಲೇ ಗೋಡೆಗೆ ಒರಗಿ ಕೂತಿದ್ದೆ. ಅಡಿವೆಪ್ಪ ಮಾಸ್ತರು ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನನ್ನ ಕೆನ್ನೆ ಮುಟ್ಟಿದರು. ಒಣಗಿತ್ತು. ಅವರು ಹೇಳಬೇಕಾದ ಮಾತು ಹೇಳಲಿಲ್ಲ. ಇನ್ನೂ ಹೊತ್ತಿದೆ ಎಂದು ಅಲ್ಲೇ ಕೂತರು. ಮೆಲ್ಲಗೆ ಊರೆಲ್ಲ ಅಂಗಳದಲ್ಲಿ ಸೇರಿತು. ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬರು ನೀರು ಕೊಟ್ಟರು. ಒಬ್ಬರು ನನ್ನ ತಾಯಿಯ ಬಗ್ಗೆ ಕೇಳಿದರು. ನೋಡಿಲ್ಲ ಎಂದೆ. ಅಯ್ಯೋ ಎಂದು ಅವರೇ ಇನ್ನಷ್ಟು ಅತ್ತರು. ಅವಳು ನಿಮ್ಮನ್ನು ಮಗನಂತೆ ನೋಡುತ್ತಿದ್ದಳು ಎಂದು ಒಬ್ಬರು ಹೇಳಿದರು. ಅದು ಸುಳ್ಳು. ಅವಳು ನನ್ನನ್ನು ಯಾರಂತೆಯೂ ನೋಡುತ್ತಿರಲಿಲ್ಲ. ಅದೇ ನನಗೆ ಬೇಕಿತ್ತು. ಸುಳ್ಳಿಗೆ ನನಗೆ ಅಳು ಬರುವುದಿಲ್ಲ. ಹೀಗೇ ಸಂಜೆಯಾಗುತ್ತದೆ, ಹೇಳಿದ ಕೆಲಸ ಮುಗಿಯುತ್ತದೆ ಎಂದುಕೊಂಡೆ.

ಆಗ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಮಷೀನಿನಲ್ಲಿ ಅವಳದೇ ಹಬ್ಬದ ಜಂಪರು ಅರ್ಧ ಹೊಲಿದು ನಿಂತಿತ್ತು, ಸೂಜಿ ಬಟ್ಟೆಯಲ್ಲೇ ಇಳಿದಿತ್ತು. ಅವಳು ಅಳುತ್ತಲೇ ಗಾಲಿ ತಿರುಗಿಸಿ ಸೂಜಿ ಮೇಲೆತ್ತಿ, ಬಟ್ಟೆ ಎಳೆದುಕೊಂಡಳು. ಹಸಿರು ದಾರ ರೀಲಿನಿಂದ ಬಿಚ್ಚಿಕೊಳ್ಳುತ್ತ ಅವಳ ಹಿಂದೆ ಬಂತು, ಹರಿಯಲಿಲ್ಲ. ಅವಳು ಎಳೆದಷ್ಟೂ ಬಂತು. ಬಾಗಿಲವರೆಗೆ, ಅಂಗಳದವರೆಗೆ. ಕತ್ತರಿ ಎಲ್ಲಿದೆಯೆಂದು ಹೇಳಬೇಕಾದವಳು ಚಾಪೆಯ ಮೇಲೆ ಮಲಗಿದ್ದಳು. ನನ್ನ ಗಂಟಲಿನಲ್ಲಿ ಏನೋ ಎದ್ದಿತು. ಅದು ಎಂಥದ್ದು ಎಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ಕಾಲವಾಗಿತ್ತು.

ಸೂರ್ಯ ಇನ್ನೂ ಹುಣಸೆಮರದ ಮೇಲಿದ್ದ. ಅಡಿವೆಪ್ಪ ಮಾಸ್ತರರ ಬೆರಳು ನನ್ನ ಕೆನ್ನೆಯಿಂದ ಗೇಣುದೂರದಲ್ಲಿತ್ತು. ಏನಾದರೂ ಮಾಡಬೇಕಿತ್ತು. ನನಗೆ ಗೊತ್ತಿದ್ದದ್ದು ಒಂದೇ. ಮೊದಲು ಏನೂ ಇರಲಿಲ್ಲ ಎಂದು ಗಟ್ಟಿಯಾಗಿ ಶುರು ಮಾಡಿದೆ. ಮರಳಿರಲಿಲ್ಲ, ಕಡಲಿರಲಿಲ್ಲ, ಹುಲ್ಲಿರಲಿಲ್ಲ. ಒಂದು ಕಡೆ ಬೆಂಕಿ, ಒಂದು ಕಡೆ ಮಂಜುಗಡ್ಡೆ, ನಡುವೆ ಬರೀ ಬಾಯ್ದೆರೆದ ಶೂನ್ಯ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖದಲ್ಲಿ ತಲೆಕೆಟ್ಟಿದೆ ಎಂದು ಯಾರೋ ಹೇಳಿದರು. ನಾನು ನಿಲ್ಲಿಸಲಿಲ್ಲ. ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದೆ. ಯಿಮಿರನ ಮಾಂಸ ನೆಲ, ಮೂಳೆ ಬೆಟ್ಟ, ಮಿದುಳು ಮೋಡ. ಒಂಬತ್ತು ಲೋಕಗಳ ಹೆಸರು ಹೇಳಿದೆ. ಓಡಿನ್‌ನ ಎರಡು ಕಾಗೆಗಳ ಹೆಸರು, ಎಂಟು ಕಾಲಿನ ಕುದುರೆಯ ಹೆಸರು, ಥಾರ್‌ನ ಸುತ್ತಿಗೆಯ ಹೆಸರು. ಹೆಸರುಗಳು ಒಳ್ಳೆಯವು, ಅವುಗಳಲ್ಲಿ ನೀರಿಲ್ಲ. ದನಿ ಒಡೆಯುತ್ತದೆ ಅನ್ನಿಸಿದಾಗ ಇನ್ನೊಂದು ಹೆಸರು ಹೇಳುತ್ತಿದ್ದೆ. ಬಾಲ್ಡರನ ಭಾಗ ಬಂದಾಗ ಹಾರಿಸಿ ಮುಂದೆ ಹೋದೆ. ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ.

ಕೊನೆಯ ಯುದ್ಧಕ್ಕೆ ಬಂದೆ. ಬೇಸಿಗೆಯೇ ಬರದ ಚಳಿಗಾಲ. ಅಣ್ಣತಮ್ಮಂದಿರು ಕಡಿದಾಡಿಕೊಳ್ಳುತ್ತಾರೆ. ತೋಳ ಸೂರ್ಯನನ್ನು ನುಂಗುತ್ತದೆ, ಇನ್ನೊಂದು ತೋಳ ಓಡಿನ್‌ನನ್ನು ನುಂಗುತ್ತದೆ. ಥಾರ್ ಘಟಸರ್ಪವನ್ನು ಕೊಂದು ಅದರ ವಿಷಕ್ಕೆ ತಾನೂ ಬೀಳುತ್ತಾನೆ. ನೆಲ ಕಡಲಿನಲ್ಲಿ ಮುಳುಗುತ್ತದೆ. ಸೂರ್ಯ ಮರದ ಹಿಂದಕ್ಕೆ ಇಳಿದಿದ್ದ, ಗೆರೆಯಷ್ಟೇ ಕಾಣುತ್ತಿದ್ದ. ಆಮೇಲೆ ನೆಲ ಮತ್ತೆ ಹಸಿರಾಗಿ ಮೇಲೆ ಬರುತ್ತದೆ ಎಂದೆ. ಬಿತ್ತದೆಯೇ ಬೆಳೆ ಬರುತ್ತದೆ. ಹಳೆಯ ದೇವರುಗಳು ಆಡಿ ಬಿಟ್ಟ ಚಿನ್ನದ ಕಾಯಿಗಳು ಹುಲ್ಲಿನಲ್ಲಿ ಸಿಗುತ್ತವೆ. ಆ ಲೋಕಕ್ಕೆ ಬಾಲ್ಡರ್ ಬರುತ್ತಾನೆ. ಯಾರೂ ಕರೆಯುವುದಿಲ್ಲ, ತಾನೇ ನಡೆದು ಬರುತ್ತಾನೆ. ಅವನಿಗಾಗಿ ಅತ್ತವರು ಆಗ ಒಬ್ಬರೂ ಉಳಿದಿರುವುದಿಲ್ಲ.

ಈ ಕೊನೆಯ ಮಾತು ಪುಸ್ತಕದ್ದಲ್ಲ. ನನ್ನ ಬಾಯಿಂದ ಬಂದದ್ದು. ಅದನ್ನು ಕಾಶವ್ವನಿಗೆ ಹೇಳಬೇಕಿತ್ತು, ಹೇಳಿರಲಿಲ್ಲ. ಕಣ್ಣು ತುಂಬಿತು. ರೆಪ್ಪೆ ಮುಚ್ಚಿದರೆ ಉರುಳುತ್ತದೆ ಎಂದು ಕಣ್ಣು ಬಿಟ್ಟುಕೊಂಡೇ ಇದ್ದೆ. ಅಡಿವೆಪ್ಪ ಮಾಸ್ತರು ನನ್ನ ಕಣ್ಣು ಬೇರೆ ಯಾರಿಗೂ ಕಾಣದಷ್ಟು ಹತ್ತಿರ ಕೂತಿದ್ದರು. ಅವರು ನನ್ನ ಕಣ್ಣು ನೋಡಿದರು. ತಿರುಗಿ ಸೂರ್ಯನನ್ನು ನೋಡಿದರು. ಇನ್ನೂ ಗೆರೆ ಇತ್ತು. ಅವರು ಬೆರಳು ಚಾಚಿ ನನ್ನ ಕೆನ್ನೆ ಮುಟ್ಟಿದರು.

“ಒಣ,” ಎಂದರು, ಗಟ್ಟಿಯಾಗಿ.

ಅವರು ಎದ್ದು ನಿಂತು ಜನರ ಕಡೆ ತಿರುಗುವಷ್ಟರಲ್ಲಿ ನಾನು ಮೊಣಕಾಲುಗಳ ನಡುವೆ ಮುಖ ಇಟ್ಟಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಚಟ್ಟದ ಬಿದಿರು ಹುಡುಕಲು ಹೋದರು.

ಆಮೇಲೆ ನನ್ನ ಕೋಣೆಗೆ ಹೋಳಿಗೆ ಬರಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ, ಅದು ಅವರ ಕೈಲಾಗದ ಕೆಲಸ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಎನ್ನುತ್ತಿದ್ದರು, ದಾಟಿ ಹೋಗುತ್ತಿದ್ದರು. ಇಷ್ಟು ದೊಡ್ಡ ಪ್ರೀತಿಗೂ ಕರಗದವನಿಗೆ ಉಂಡೆ ಕೊಟ್ಟು ಪ್ರಯೋಜನವಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು. ಲೆಕ್ಕ ಹಾಕಿ ನೋಡಿದರೆ ಅವರದು ಸರಿ. ನಾನು ಜೋಳದ ರೊಟ್ಟಿ ಬಡಿಯಲು ಕಲಿತೆ. ಭಾಷಣದ ದಿನ ಹಲಗೆಯ ಮೇಲೆ ಎಂದಿನಂತೆ ಬರೆದು, ಜಮಖಾನೆ ಹಾಸಿ ಕೂತೆ. ಯಾರೂ ಬರಲಿಲ್ಲ. ಮುಂದಿನ ವಾರವೂ ಹಾಸಿ, ಮಡಚಿ ಇಟ್ಟೆ. ಕೆಲಸ ಬಿಟ್ಟು ಹೋಗೋಣವೆಂದುಕೊಂಡೆ. ಎಲ್ಲಿಗೆ ಎಂದು ಗೊತ್ತಾಗಲಿಲ್ಲ.

ಅದರ ಮುಂದಿನ ವಾರ ಅಡಿವೆಪ್ಪ ಮಾಸ್ತರು ಬಂದರು. ಒಬ್ಬರೇ. ಚಪ್ಪಲಿ ಬಿಟ್ಟು, ಜಮಖಾನೆಯ ಅಂಚಿನಲ್ಲಿ ಕೂತರು. ನಾನೇ ಕೇಳಿದೆ, ಅಂದು ಯಾಕೆ ಹಾಗೆ ಮಾಡಿದಿರಿ ಎಂದು. ಕಾಶವ್ವ ಮೊದಲ ಸಲ ಎದ್ದು ಕೂತಾಗ ತಾನು ಸಣ್ಣವನು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಅವಳು ಎದ್ದವಳೇ ಗೋಡೆ ಕಡೆ ಮುಖ ಮಾಡಿಕೊಂಡಳು, ಅದನ್ನು ತಾನು ನೋಡಿದ್ದೆ ಎಂದರು. ಆಮೇಲೆ ಬಂದ ವಿಷಯ ಹೇಳಿದರು.

“ನನ್ನ ಮ್ಯಾಲ ಊರಾಗ ಎಲ್ಲಾರಿಗೂ ಭಾಳ ಪ್ರೀತಿ ಐತಿ, ಫಕೀರಪ್ಪ. ಅದ ನನಗ ಅಂಜಿಕಿ. ನಾ ಸತ್ತ ದಿನಾ ನಂದೂ ಒಂದು ನೀವ ನೋಡ್ಕೋಬೇಕು.”

ಆಗಲಿ ಎಂದೆ. ಇದ್ದದ್ದನ್ನು ಇದ್ದಂತೆಯೇ ಹೇಳಿದೆ. “ನಿಮ್ಮ ವಿಷಯದಾಗ ನನಗ ತ್ರಾಸ ಆಗೂದಿಲ್ಲ ಮಾಸ್ತರ. ನಿಮ್ಮ ಮ್ಯಾಲ ನನಗ ಅಂಥಾ ಪ್ರೀತಿ ಏನೂ ಇಲ್ಲ. ನಿಮ್ಮ ನಗಿ ನೋಡಿದ್ರ ನನಗ ಬ್ಯಾಸರ ಬರ್ತದ.”

ಅವರ ಮುಖ ಕೆಂಪಾಯಿತು. ಆ ವಯಸ್ಸಿನವರೆಗೆ ಅವರಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಗೋಡೆಗೆ ಒರಗಿ ಕಾಲು ನೀಡಿದರು, ಮುಖದ ಮೇಲಿನ ನಗು ತೆಗೆದಿಟ್ಟರು. ಅದಿಲ್ಲದೆ ಅವರು ಬೇರೆಯೇ ಮನುಷ್ಯನಂತೆ ಕಾಣುತ್ತಿದ್ದರು. ಭಾಷಣ ಇದೆಯೋ ಇಲ್ಲವೋ ಎಂದು ಕೇಳಿದರು. ದನಿಯಲ್ಲಿ ತುಸು ಸಿಟ್ಟಿತ್ತು. ಇದೆ ಎಂದೆ.

ಈಗ ಅವರು ಪ್ರತಿ ವಾರ ಬರುತ್ತಾರೆ. ನಾನು ಹೇಳುವುದು ಅವರಿಗೆ ಅರ್ಧ ಹಿಡಿಸುವುದಿಲ್ಲ, ಹಿಡಿಸುವುದಿಲ್ಲ ಎಂದು ಹೇಳುತ್ತಾರೆ. ನನ್ನ ರೊಟ್ಟಿ ದಪ್ಪ ಎನ್ನುತ್ತಾರೆ, ತಿನ್ನುತ್ತಾರೆ. ಮೊನ್ನೆ ಜ್ವರವೆಂದು ಬರಲಿಲ್ಲ, ನಾನು ಸಂಜೆವರೆಗೆ ಬಾಗಿಲ ಕಡೆ ನೋಡುತ್ತ ಕೂತಿದ್ದೆ. ಕೊಟ್ಟ ಮಾತು ಸುಲಭದ್ದೆಂದುಕೊಂಡಿದ್ದೆ. ಅದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ.